ತಣ್ಣನೆಯ ಕೈ

ಅಕ್ಕನಿಗೆ ತಂಗಿಯ ನಮಸ್ಕಾರ.

ಅಪ್ಪ ಚೆನ್ನಾಗಿದ್ದಾರೆ, ಬೇಕರಿಯೂ ನಡೆಯುತ್ತಿದೆ. ಕೇಕಿನ ಬಟರ್‌ಕ್ರೀಮ್ ಮೇಲೆ ಚಾಕೊಲೇಟ್ ಹೂ ಅಂಟಿಸುವುದು ಈಗಲೂ ನನ್ನದೇ ಕೆಲಸ. ನೀನು ಮುಟ್ಟಿದರೆ ಹೂ ಕರಗುತ್ತಿತ್ತು, ಅಪ್ಪ ಬೈದು ಓದಲು ಕಳಿಸಿದರು. ನನ್ನ ಕೈ ತಣ್ಣಗಿರುವುದರಿಂದ ನಾನು ಇಲ್ಲೇ ಉಳಿದೆ.

ನನಗೆ ನರ್ಸಿಂಗ್ ಸೀಟು ಸಿಕ್ಕಿದೆ, ಶುಕ್ರವಾರದೊಳಗೆ ಸೇರಬೇಕು. ಅಪ್ಪನಿಗೆ ಇನ್ನೂ ಹೇಳಿಲ್ಲ. ನಿನ್ನೆ ಬೇಕೆಂದೇ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಹೂ ಹಿಡಿದೆ. ಎಲ್ಲ ಕರಗಿ ಬೆರಳಿಗೇ ಮೆತ್ತಿಕೊಂಡವು. ಬೈದು ಆಚೆ ಕಳಿಸಲಿ ಎಂದು ಕಾದೆ.

ಅವರು ನನ್ನ ಹಣೆ ಮುಟ್ಟಿ, "ಜ್ವರ ಬಂತೇನಮ್ಮಾ? ಕೂತ್ಕೋ. ಕೈ ತಣ್ಣಗಾಗೋವರೆಗೂ ನಾನು ಕಾಯ್ತೀನಿ" ಎಂದು ಪಕ್ಕದಲ್ಲೇ ಕುಳಿತರು. ಆಮೇಲೆ ಹೊಸ ಹೂಗಳನ್ನು ಅಂಟಿಸಿದೆ.

ಗುರುವಾರದೊಳಗೆ ನೀನೇ ಬಂದು ಸೀಟಿನ ವಿಷಯ ಅವರಿಗೆ ಹೇಳು. ಕಾಗದ ಬರೆಯಬೇಡ, ಅಪ್ಪನಿಗೆ ಕಣ್ಣು ಮಂಜು, ಓದಿ ಹೇಳುವವಳೂ ನಾನೇ.

ನಿನ್ನ
ತಂಗಿ