ಉಡಿಗೆ ಹಾಕಿದ ಕಾಯಿ

ಬ್ಯಾಡಗಿ, ೧೪ ಮಾರ್ಚ್, ಶುಕ್ರವಾರ

ಮಂಗಳವ್ವ ಇವತ್ತೂ ಹೊರಡುವಾಗ ಉಡಿ ಒಡ್ಡಿದಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ ಸಂಜೆ ಒಂದು ಹಿಡಿ ಕಾಯಿ ಕೊಡುವುದು ಅತ್ತೆಯ ಕಾಲದಿಂದ ಬಂದ ಪದ್ಧತಿ. ಆದರೆ ಈಗ ನಮ್ಮ ಗೋದಾಮಿನಲ್ಲಿರುವುದು ಮಾಸಿದ ಹಳೇ ಮಾಲು. ಬಟ್ಟೆಯ ಬಣ್ಣ ಹಚ್ಚಿ ಕೆಂಪು ಮಾಡಿದ್ದು. ಬಣ್ಣ ಎಣ್ಣೆಯಲ್ಲಿ ಹೇಗೆ ಕಲಸಬೇಕೆಂದು ಗಂಡನಿಗೆ ಹೇಳಿಕೊಟ್ಟವಳು ಕೆಮಿಸ್ಟ್ರಿ ಓದಿದ ನಾನೇ.

“ಎಷ್ಟ್ ಚೆಂದ ಕೆಂಪಗದಾವ ನೋಡ್ರಿ ಅಕ್ಕಾರ. ನಮ್ಮ ಮೊಮ್ಮಗಳು ಕೆಂಪನ ಸಾರು ಇದ್ರನ ಉಣ್ಣೂದು,” ಎಂದಳು. ಆ ಹುಡುಗಿ ನನ್ನ ಮಗನಿಗಿಂತ ಒಂದು ವರ್ಷ ದೊಡ್ಡವಳು.

ಬೇಡ ಎನ್ನಲು ಬಾಯಿ ತೆರೆದೆ. ತೂಕದ ಕಾಟಾದ ಹತ್ತಿರ ನಿಂತಿದ್ದ ಇವರು ನನ್ನನ್ನೇ ನೋಡುತ್ತಿದ್ದರು.

“ಲಗೂ ಕೊಟ್ಟು ಕಳಸಲೇ.”

ಕೊಟ್ಟೆ. ಅವಸರದಲ್ಲಿ ತುಸು ಹೆಚ್ಚೇ ಬಿತ್ತು.

“ನಿಮ್ಮ ಕೈ ದೊಡ್ಡದ್ರಿ ಅಕ್ಕಾರ. ನಿಮ್ಮ ಕೂಸು ನೂರು ವರ್ಷ ಬಾಳ್ಲಿ,” ಎಂದು ಹರಸಿ ಹೋದಳು.

ಅಡುಗೆಮನೆಯ ಡಬ್ಬಿಯಲ್ಲಿ ಕುಪ್ಪೇಲೂರಿನಿಂದ ಅಪ್ಪ ಕಳಿಸಿದ ಒಳ್ಳೆಯ ಕಾಯಿ ಇತ್ತು. ನಾವು ಉಣ್ಣುವುದು ಅದನ್ನೇ. ಅದನ್ನು ತಂದು ಕೊಡುವುದು ಹೊಳೆಯಲಿಲ್ಲ ಎಂದು ಬರೆಯಲು ಹೊರಟೆ. ಹೊಳೆದಿತ್ತು. ನಮಗೇ ಸಾಲದಾದರೆ ಎಂದುಕೊಂಡೆ.

ಈಗ ಆ ಹುಡುಗಿ ಉಂಡು ಮಲಗಿರುತ್ತಾಳೆ. ನನ್ನ ಕೂಸೂ ಮಲಗಿದೆ. ನಾಳೆ ಸಂಜೆ ಮತ್ತೆ ಮಂಗಳವ್ವ ಉಡಿ ಒಡ್ಡುತ್ತಾಳೆ, ನಾನು ಮತ್ತೆ…