ಅರ್ಧ ಗಂಟೆಗಾಗಿ ಒಂದು ಅಂದವಾದ ಅರ್ಜಿ

ಪರೀಕ್ಷಾ ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ಮಗಳು ಕೇಳಿದ್ದು ಬರೀ ಅರ್ಧ ಗಂಟೆ. ಅದನ್ನೂ ನೀವು ಕೊಡಲಿಲ್ಲ. ಕೈಬರಹ ನಿಧಾನವಾಗಿರುವ ಮಕ್ಕಳಿಗೆ ಹೆಚ್ಚಿನ ಸಮಯ ಬೇಕಿದ್ದರೆ ಅರ್ಜಿಯನ್ನು ಮಗುವೇ ಸ್ವಹಸ್ತದಿಂದ, ಅಂದವಾಗಿ, ಚಿತ್ತಿಲ್ಲದೆ ತುಂಬಬೇಕೆಂದು ನಿಯಮ ಮಾಡಿದ ಮಹಾನುಭಾವರು ತಾವು. ಊರುಗೋಲು ಬೇಕಾದವರು ಓಡಿಬಂದು ತೆಗೆದುಕೊಳ್ಳಿ ಎಂದ ಹಾಗಾಯಿತಲ್ಲವೇ? ಮೂರು ಸಂಜೆ ಕೂತು ಅವಳು ತುಂಬಿದ ಅರ್ಜಿಯ ಮೇಲೆ 'ಅಕ್ಷರ ಅಸ್ಪಷ್ಟ, ತಿರಸ್ಕರಿಸಿದೆ' ಎಂದು ಷರಾ ಗೀಚಿದಿರಿ. ನಿಮ್ಮ ಆ ಷರಾ ಓದಲು ನಾನು ಮತ್ತು ಮುಖ್ಯೋಪಾಧ್ಯಾಯಿನಿ ಇಬ್ಬರೂ ಸೋತು, ಕೊನೆಗೆ ಔಷಧದ ಅಂಗಡಿಯವನ ಬಳಿಗೆ ಹೋಗಬೇಕಾಯಿತು.

ಅವಳು ಹತ್ತು ವಾರ ಮೊದಲೇ ಹುಟ್ಟಿದವಳು. ಮೊದಲ ತಿಂಗಳೆಲ್ಲ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಈಗ ಹನ್ನೊಂದು ವರ್ಷ. ಎಂಥ ಲೆಕ್ಕವನ್ನೂ ಬಾಯಲ್ಲೇ ಬಿಡಿಸುತ್ತಾಳೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಮಾತ್ರ ಪೇಚಾಡುತ್ತಾಳೆ. ಹೀಗೆ ಹುಟ್ಟಿದ ಕೆಲವು ಮಕ್ಕಳ ಬೆರಳುಗಳಿಗೆ ಹಿಡಿತ ಬರುವುದು ತಡವೆಂದು ವೈದ್ಯೆ ಬರೆದುಕೊಟ್ಟ ಪತ್ರ ಅರ್ಜಿಯ ಜೊತೆಗಿತ್ತು. ಅದರ ಮಡಿಕೆಯನ್ನೂ ನೀವು ಬಿಚ್ಚಿರಲಿಲ್ಲ.

ನಾನು ಅಂಗಡಿಗಳಿಗೆ ಬೋರ್ಡು ಬರೆಯುವವನು. ಅಕ್ಷರವೇ ನನಗೆ ಅನ್ನ. ಏನೂ ತಿಳಿಯದ ಕಾಲದಲ್ಲಿ, "ನನ್ನ ಮಗಳಾಗಿ ಹೀಗೆ ಬರೀತೀಯಾ?" ಎಂದು ಕುಂಚದ ಹಿಡಿಯಿಂದ ಅವಳ ಬೆರಳಿಗೆ ಹೊಡೆದಿದ್ದೇನೆ. ಆ ಪಾಪ ನನ್ನದು. ಆದರೆ ನನಗೆ ಆಗ ಯಾರೂ ಹೇಳಿರಲಿಲ್ಲ. ನಿಮಗೆ ಬರೆದೇ ಕೊಟ್ಟಿದ್ದರು.

ಅವಳನ್ನು ಕರೆದುಕೊಂಡು ನಿಮ್ಮ ಕೋಣೆಗೂ ಬಂದೆ. ತಲೆ ಎತ್ತದೆ, "ಸೋಮಾರಿತನ ಕಣ್ರೀ. ದಿನಕ್ಕೆರಡು ಪುಟ ಕಾಪಿ ಬರೆಸಿ, ಸರಿಹೋಗುತ್ತೆ" ಎಂದಿರಿ.

"ಸರ್, ನಂಗೆ ಉತ್ತರ ಎಲ್ಲಾ ಗೊತ್ತು. ಬೇಕಾದ್ರೆ ಕೇಳಿ, ಬಾಯಲ್ಲಿ ಹೇಳ್ತೀನಿ" ಎಂದಳು.

"ಬಾಯಿಗೇನೂ ಕಮ್ಮಿ ಇಲ್ಲ!" ಎಂದು ನಕ್ಕಿರಿ. ನಿಮ್ಮ ಜವಾನನೂ ನಕ್ಕ. ಮನೆಗೆ ಬಂದವಳು ಚೀಲ ಮೂಲೆಗಿಟ್ಟು, "ಅಪ್ಪಾ, ನಾನು ಪರೀಕ್ಷೆಗೆ ಹೋಗಲ್ಲ" ಎಂದಳು. ಆ ನಗುವಿಗೆ ಉತ್ತರ ಕೊಡದೆ ಬಿಡುವವನಲ್ಲ ನಾನು.

ನಿಮ್ಮ ಕಚೇರಿಯ ಎದುರಿನ ಉದ್ದನೆಯ ಗೋಡೆ ಯಾರದೆಂದು ಬಲ್ಲಿರಾ? ಸೈಕಲ್ ರಿಪೇರಿ ಮಾಡುವ ನನ್ನ ಭಾವಮೈದುನನದು. ಅದಕ್ಕೆ ಆಗಲೇ ಬಿಳಿ ಬಣ್ಣ ಬಳಿದಾಗಿದೆ. ನಿಮ್ಮ ಷರಾವನ್ನು ಚೌಕಳಿ ಗೆರೆ ಹಾಕಿ ದೊಡ್ಡದು ಮಾಡಿ, ಒಂದು ಗೆರೆಯನ್ನೂ ತಿದ್ದದೆ, ಆಳೆತ್ತರಕ್ಕೆ ಬರೆಯುತ್ತೇನೆ. ಕೆಳಗೆ ನನ್ನ ಅಕ್ಷರದಲ್ಲಿ 'ಓದಿದವರಿಗೆ ಬಹುಮಾನ' ಎಂದಿರುತ್ತದೆ. ಮಾಡಿದ್ದುಣ್ಣೋ ಮಹಾರಾಯ!

ಪರೀಕ್ಷೆ ಸೋಮವಾರ. ಶುಕ್ರವಾರದೊಳಗೆ ಆ ನಿಯಮ ರದ್ದಾಗಬೇಕು, ಅವಳಂಥ ಪ್ರತಿ ಮಗುವಿಗೂ ಹೆಚ್ಚಿನ ಸಮಯದ ಆದೇಶ ಬರಬೇಕು. ಬಂದರೆ ಗೋಡೆಯನ್ನು ಬಿಟ್ಟುಬಿಡಲೇ ಎಂದು ಮಗಳನ್ನೇ ಕೇಳಿದೆ. ಅವಳು ಹೇಳಿದಳು:

"ಬೇಡ ಅಪ್ಪಾ, ನೀನು ಬರಿ. ಅಳಿಸೋಕೆ ಬೇಕಾದ್ರೆ ಅವರಿಗೆ ಅರ್ಧ ಗಂಟೆ ಜಾಸ್ತಿ ಕೊಡೋಣ."

ಇಂತಿ,
ಬುದ್ಧಿ ತಡವಾಗಿ ಬಂದ ಒಬ್ಬ ಅಪ್ಪ