ಬಾಗಿಲಲ್ಲಿ ನಿಂತವರು ಯಾರು, ಬೊಮ್ಮಕ್ಕ?

ಇಸವಿ ಎರಡು ಸಾವಿರದ ಮುನ್ನೂರ ನಾಲ್ಕು, ಹದಿಮೂರನೆಯ ತಿಂಗಳು, ಮೂವತ್ತೈದನೆಯ ತಾರೀಕು
ಹಿರಿಯೂರಿನ ಕೂಡುದಾರಿ ದಾಟಿ, ಹೊಲಿಬಂಡಿಯ ಮುಂದಿನ ಪೀಠದಿಂದ

ಈರುಳ್ಳಿ ಲಾರಿಯ ಚೌಡಪ್ಪನ ಹೆಂಡತಿ ಬೊಮ್ಮಕ್ಕನಿಗೆ, ಮಗಳ ಮಗಳ ಮಗಳು ಎಂದು ಹೇಳುತ್ತಾ ಹೋದರೆ ಉಸಿರು ಸಾಲದಷ್ಟು ದೂರದ ಮೊಮ್ಮಗಳು ಸಿರಿಯಮ್ಮ ಮಾಡುವ ನಮಸ್ಕಾರ.

ತಾರೀಕು ನೋಡಿ ಗಾಬರಿಯಾಗಬೇಡ. ನಮ್ಮ ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ಹಿರಿಯರು ಇನ್ನೊಂದು ತಿಂಗಳನ್ನು ಕೂಡಿಸಿದರು. ಲೆಕ್ಕ ಹೇಗೆ ಸರಿಹೋಯಿತೆಂದು ನನ್ನನ್ನು ಕೇಳಿದರೆ ನನಗೂ ಗೊತ್ತಿಲ್ಲ. ನನ್ನ ಪದಗಳು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸು. ನಾವು ಈಗ ಆಡುವ ಕನ್ನಡ ನಿನಗೆ ಅರ್ಧವೂ ತಿಳಿಯದು. ಆದ್ದರಿಂದ ಶಾಲೆಯಲ್ಲಿ ಕಲಿತ ಹಳೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನನ್ನ ಗಂಡ ಪಾಲಯ್ಯನ ಮಾತುಗಳನ್ನು ನಿನ್ನ ಚಳ್ಳಕೆರೆಯ ಮಾತಿಗೆ ತಿರುಗಿಸಿ ಹಾಕಿದ್ದೇನೆ. ಬಂಡಿಯ ಮುಂಗಾಜಿನ ಧೂಳಿನ ಮೇಲೆ ಬೆರಳಿನಿಂದ ಒಂದು ಸಾಲು ಬರೆಯುವುದು, ಒರೆಸುವುದು, ಮತ್ತೆ ಧೂಳು ಕೂತ ಮೇಲೆ ಇನ್ನೊಂದು ಸಾಲು ಬರೆಯುವುದು. ಹಿಂದಿನವರಿಗೆ ನಾವು ಓಲೆ ಕಳಿಸುವುದು ಹೀಗೆ. ಒರೆಸಿದ್ದು ತಲುಪುತ್ತದೆ ಎಂಬ ನಂಬಿಕೆ. ಧೂಳಿಗೇನೂ ನಮ್ಮಲ್ಲಿ ಬರವಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಿರಿಯಳೆಂಬ ಭಕ್ತಿಯಿಂದ ನಾನಿದನ್ನು ಬರೆಯುತ್ತಿಲ್ಲ. ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ. ನಿನ್ನನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಬದುಕೂ ನಿನ್ನದರಂತೆ ಹೆದ್ದಾರಿಯ ಮೇಲೆಯೇ. ಬಿಸಿಲಿಗೆ ನಮ್ಮ ರಸ್ತೆಗಳು ಪ್ರತಿದಿನ ಸೀಳುತ್ತವೆ. ಆ ಬಿರುಕುಗಳನ್ನು ಹೊಲಿಯುತ್ತಾ ಹಸು ನಡೆದಷ್ಟು ನಿಧಾನವಾಗಿ ಸಾಗುವ ಗಾಡಿಗೆ ಹೊಲಿಬಂಡಿ ಎಂದು ಹೆಸರು. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ, ಅದರ ನೆತ್ತಿಯ ಮೇಲೆ ಮಣ್ಣಿನ ತಟ್ಟೆಗಳಲ್ಲಿ ಒಂದಿಷ್ಟು ಮೆಂತ್ಯ ಸೊಪ್ಪು. ಒಂದು ಬಂಡಿಗೆ ಇಬ್ಬರು. ಒಬ್ಬರು ಮುಂದಿನ ಪೀಠದಲ್ಲಿ ಕೂತು ಬಿರುಕು ಕಾಯಬೇಕು, ಕಂಡ ಕೂಡಲೇ ಸೂಜಿಯ ಹಿಡಿ ಒತ್ತಬೇಕು. ಸೂಜಿ ಎಂದರೆ ನಿನ್ನ ಕೈಯಷ್ಟು ದಪ್ಪದ ಉಕ್ಕಿನ ಕೊಳವೆ, ಅದರಿಂದ ಕಾದ ಅಂಟು ಇಳಿಯುತ್ತದೆ. ಇನ್ನೊಬ್ಬರು ಹಿಂದಿನ ಹಲಗೆಯ ಮೇಲೆ ಮಲಗಿ ದಣಿವು ಆರಿಸಿಕೊಳ್ಳುತ್ತಾರೆ. ಹೊತ್ತು ಬದಲಾದಾಗ ಎದ್ದು ಜಾಗ ಬದಲಾಯಿಸುತ್ತಾರೆ. ನಾನೂ ಪಾಲಯ್ಯನೂ ಮದುವೆಯಾದಾಗಿನಿಂದ ಒಬ್ಬರು ಎದ್ದ ಜಾಗದಲ್ಲಿ ಇನ್ನೊಬ್ಬರು ಕೂರುತ್ತಿದ್ದೇವೆ. ಪೀಠ ಯಾವಾಗಲೂ ಬೆಚ್ಚಗಿರುತ್ತದೆ, ಆದರೆ ಜೊತೆಯಲ್ಲಿ ಕೂತದ್ದು ಕಡಿಮೆ.

ಮಲಗಿದವರಿಗೆ ತನ್ನೋಟ ಉಂಟು. ನಿನ್ನ ಟೀವಿಯ ವಂಶದಲ್ಲೇ ಹುಟ್ಟಿದ್ದು, ಆದರೆ ಗೋಡೆಗಾಗಲಿ ಹಲಗೆಗಾಗಲಿ ತಗುಲಿಹಾಕುವುದಲ್ಲ. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ ಪೊರೆ, ಕಣ್ಣಿನ ಮೇಲೆ ಇಟ್ಟುಕೊಳ್ಳಬೇಕು. ಅದು ನಿನ್ನ ನಾಡಿ ಹಿಡಿದು, ನಿನಗೆ ಏನು ಹಿತವೋ ಅದನ್ನೇ ಕಥೆ ಮಾಡಿ ತೋರಿಸುತ್ತದೆ. ಒಬ್ಬರಿಗೆ ತೋರಿಸಿದ್ದನ್ನು ಇನ್ನೊಬ್ಬರಿಗೆ ತೋರಿಸುವುದಿಲ್ಲ. ನಾಡಿನಲ್ಲಿ ಎಷ್ಟು ಜನವೋ ಅಷ್ಟು ಧಾರಾವಾಹಿ. ಹಾಗಾಗಿ ನಿನ್ನೆಯ ಕಂತಿನಲ್ಲಿ ಏನಾಯಿತು ಎಂದು ನಮ್ಮಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಎದುರಿನವರು ಪಾಪ, ಬಿಸಿಲು ಹೊಡೆದಿದೆ ಎಂದುಕೊಳ್ಳುತ್ತಾರೆ.

ಪಾಲಯ್ಯ ಕೆಟ್ಟವನಲ್ಲ. ಆದರೆ ತನ್ನೋಟ ಹಾಕಿಕೊಂಡು ಮಲಗಿದಾಗ ಅವನು ನಗುತ್ತಾನೆ, ನನ್ನೆದುರು ಎಂದೂ ನಗದ ಒಂದು ನಗು. ಒಮ್ಮೆ ವತ್ಸಲೆ ಎಂದು ಮೆಲ್ಲಗೆ ಕರೆದ. ಅಷ್ಟು ಮೃದುವಾಗಿ ನನ್ನ ಹೆಸರನ್ನು ಕರೆದದ್ದು ನನಗೆ ನೆನಪಿಲ್ಲ. ಆ ವತ್ಸಲೆ ಎಂಬವಳು ಎಲ್ಲಿಯೂ ಇಲ್ಲ, ಅವನ ನಾಡಿ ಹಿಡಿದು ಯಂತ್ರ ಮಾಡಿದ ಗೊಂಬೆ. ಇದ್ದಿದ್ದರೆ ಹೋಗಿ ಜುಟ್ಟು ಹಿಡಿದು ಕೇಳುತ್ತಿದ್ದೆ. ಅವನು ಎದ್ದು ಕೈಕಾಲು ತೊಳೆಯುವಷ್ಟರಲ್ಲಿ ನಾನು ಆ ಪೊರೆಯನ್ನು ನನ್ನ ಕಣ್ಣಿಗೆ ಇಟ್ಟುಕೊಂಡೆ. ಅದು ತಕ್ಷಣ ನನ್ನ ನಾಡಿ ಹಿಡಿದು, ನನಗೆ ಪ್ರಿಯವಾದ ಕೆರೆಯನ್ನೂ ಬಾತುಕೋಳಿಗಳನ್ನೂ ತೋರಿಸತೊಡಗಿತು. ಅವಳ ಸೆರಗಿನ ಅಂಚು ಕೂಡ ಕಾಣಲಿಲ್ಲ. ಆ ದಿನ ಬಾತುಕೋಳಿಗಳನ್ನು ನಾನು ಬೈದಷ್ಟು ಯಾರೂ ಬೈದಿರಲಾರರು.

ಇದರ ಮೇಲೆ ಒಂಟಿಬಂಡಿಗಳು ಬಂದವು. ಬಿರುಕನ್ನು ತಾನೇ ಕಾಯುವ ಹೊಸ ಬಂಡಿ, ಒಬ್ಬರಿದ್ದರೆ ಸಾಕು, ದಿನವಿಡೀ ಮಲಗಿ ತನ್ನೋಟ ನೋಡಬಹುದು. ಬೇಕಾದವರು ಹೆದ್ದಾರಿಗಳು ಸೇರುವ ಕೂಡುದಾರಿಯಲ್ಲಿ ಬಂಡಿ ಹಂಚುವ ಯಜಮಾನಿಯ ಬಳಿ ಹೇಳಿದರೆ ಗಂಡನಿಗೊಂದು, ಹೆಂಡತಿಗೊಂದು. ಗಂಡ ಉತ್ತರದ ದಾರಿ ಹಿಡಿದರೆ ಹೆಂಡತಿ ದಕ್ಷಿಣದ್ದು. ಹಾಗೆ ಹೋದವರು ಜಗಳವಾಡಿ ಹೋದವರಲ್ಲ, ಆದರೆ ಮತ್ತೆ ಒಂದೇ ಬಂಡಿಗೆ ಬಂದವರನ್ನು ನಾನು ಕಂಡಿಲ್ಲ. ಹಿರಿಯೂರಿನಲ್ಲಿ ಕೇಳೋಣವೆಂದು ಪಾಲಯ್ಯ ಉಪ್ಪು ಬೇಕು ಎನ್ನುವಷ್ಟೇ ಸಹಜವಾಗಿ ಹೇಳಿದ. ನಾನು ಹೂಂ ಎಂದೆ. ಎಂದಮೇಲೆ ನನಗೆ ನೀನು ನೆನಪಾದೆ.

ನಿನ್ನ ಕಥೆ ನಮ್ಮ ಮನೆತನದಲ್ಲಿ ಅಮ್ಮನಿಂದ ಮಗಳಿಗೆ ಬಾಯಿಮಾತಿನಲ್ಲೇ ಬಂದಿದೆ. ನೀನು ಗಂಡನ ಲಾರಿಯಲ್ಲೇ ಸಂಸಾರ ಹೂಡಿದ್ದು, ಸ್ಟೌವ್ ಹಚ್ಚುವ ಜಾಗ, ಮಗಳು ಕೆಂಚಮ್ಮ ಹಿಂದಿನ ಹಲಗೆಯ ಮೇಲೆ ಮಲಗುತ್ತಿದ್ದದ್ದು, ಎಲ್ಲವೂ ನನಗೆ ಗೊತ್ತು. ನಿನ್ನ ಮುಂದೆ ಡ್ಯಾಶ್‌ಬೋರ್ಡಿನ ಮೇಲೆ ಎರಡು ಅಂಗೈ ಅಗಲದ ಟೀವಿ ಇತ್ತು, ಮೊಬೈಲಿನಿಂದ ಸಿಗ್ನಲ್ ಎಳೆದುಕೊಳ್ಳುತ್ತಿತ್ತು. ಚೌಡಪ್ಪನಿಗೂ ಧಾರಾವಾಹಿಯ ಹುಚ್ಚು. ಹಿಂದಿನ ಗಾಡಿ ನೋಡುವ ಕನ್ನಡಿಯನ್ನು ಅವನು ಗುಟ್ಟಾಗಿ ಟೀವಿಯ ಕಡೆಗೆ ತಿರುಗಿಸಿಕೊಂಡಿದ್ದನಂತೆ. ಒಂದು ಬಸ್ಸು ಹಿಂದಿನಿಂದ ಹಾರನ್ ಹೊಡೆದೂ ಹೊಡೆದೂ ಸಾಕಾಗಿ ಪಕ್ಕಕ್ಕೆ ಬಂದು ಬೈದು ಹೋದ ಮೇಲೆ ನಿನಗೆ ಅದು ತಿಳಿಯಿತು. ನೀನು ಕನ್ನಡಿಯನ್ನು ಸರಿಮಾಡಿ, ಟೀವಿಯನ್ನು ಪೂರ್ತಿ ನಿನ್ನ ಕಡೆಗೆ ತಿರುಗಿಸಿಕೊಂಡೆ. ಅಂದಿನಿಂದ ಒಂದು ಪದ್ಧತಿ ಆಯಿತು: ಇಂಜಿನ್ನಿನ ಸದ್ದಿನಲ್ಲಿ ಟೀವಿಯ ದನಿ ಅವನವರೆಗೆ ಬಾರದು, ಹಾಗಾಗಿ ನೋಡಿ ಹೇಳುವವಳು ನೀನು, ಕೇಳುವವನು ಅವನು.

ಯಶೋದೆ ಎಂಬ ಟೈಲರ್ ಹೆಂಗಸಿನ ಕಥೆ ಅದು. ಅವಳ ತಮ್ಮ ಮುಕುಂದ, ಮಹಡಿಯ ಬಾಡಿಗೆಮನೆಯ ಸುದರ್ಶನ, ಎಲ್ಲರನ್ನೂ ನೀನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದೆ. ಸಿಗ್ನಲ್ ಹೋದ ಕಡೆ ನೀನೇ ಕಥೆ ತುಂಬುತ್ತಿದ್ದೆ. ಮುಕುಂದ ಹೊಳೆಯ ಪಾಲಾದ ಕಂತು ಬಂದಾಗ ಲಾರಿ ಶಿರಾಡಿ ಘಾಟಿ ಇಳಿಯುತ್ತಿತ್ತು. ಚೌಡಪ್ಪನಿಗೆ ಮುಕುಂದನೆಂದರೆ ಪ್ರಾಣ. ನೀನು ಕಣ್ಣೀರು ನುಂಗಿಕೊಂಡು, ಮುಕುಂದ ಮನೆಗೆ ಬಂದು ಮುದ್ದೆ ಉಂಡು ಮಲಗಿದ ಎಂದು ಹೇಳಿದೆ. ಮಂಗಳೂರಿನಲ್ಲಿ ಈರುಳ್ಳಿ ಇಳಿಸಿ ತಿರುಗಿ ಘಾಟಿ ಹತ್ತುವವರೆಗೂ ಅವನನ್ನು ಬದುಕಿಸಿಕೊಂಡೇ ಇದ್ದೆ. ಕೊನೆಗೆ ಒಂದು ಟೀ ಹೋಟೆಲಿನಲ್ಲಿ ಯಾರೋ ಬೇರೆ ಲಾರಿಯವರು ಮುಕುಂದನ ಸಾವಿನ ಮಾತಾಡುತ್ತಿದ್ದದ್ದು ಚೌಡಪ್ಪನ ಕಿವಿಗೆ ಬಿತ್ತು. ಟೀ ಬಿಟ್ಟು ಎದ್ದು ಬಂದ.

“ಸತ್ತೋನ್ನ ಎಲ್ಡು ದಿನ ನಂಗೆ ಬದುಕ್ಸಿ ತೋರ್ಸಿದ್ಯಲ್ಲೇ,” ಎಂದ.

“ಘಾಟಿ ಇಳಿಯಾವಾಗ ಹೇಳಿದ್ದಿದ್ರೆ ನಮ್ಮುನ್ನ ಯಾರು ಬದುಕುಸ್ತಿದ್ರು?” ಎಂದೆ ನೀನು.

ಇಬ್ಬರೂ ಲಾರಿಯ ನೆರಳಿನಲ್ಲಿ ಕೂತು, ಇಲ್ಲದ ಒಬ್ಬ ಹುಡುಗನಿಗಾಗಿ ಅತ್ತಿರಂತೆ. ನೋಡು, ಇಲ್ಲಿಯೇ ನನ್ನ ಹೊಟ್ಟೆ ಉರಿಯುವುದು. ನಿನ್ನ ಗಂಡನೂ ಇಲ್ಲದವರಿಗಾಗಿ ಅತ್ತ, ನನ್ನ ಗಂಡನೂ ಇಲ್ಲದವಳಿಗಾಗಿ ನಗುತ್ತಾನೆ. ಆದರೆ ನಿನ್ನವನು ಅತ್ತದ್ದು ನಿನ್ನ ಜೊತೆಯಲ್ಲಿ. ಟೀ ಹೋಟೆಲಿನ ಆ ಗುರುತಿಲ್ಲದ ಲಾರಿಯವರಿಗೂ ಅದೇ ಮುಕುಂದ ಸತ್ತಿದ್ದ. ಒಂದೇ ಹೆಣಕ್ಕೆ ಊರೆಲ್ಲ ಅತ್ತ ಕಾಲದಲ್ಲಿ ಹುಟ್ಟಿದೆಯಲ್ಲ, ನಿನ್ನ ಅದೃಷ್ಟಕ್ಕೆ ಬೆಂಕಿ ಬೀಳ.

ಹಿರಿಯೂರು ಇನ್ನೂ ದೂರವಿರುವಾಗ ನಾನೊಂದು ದಿನ ಮಲಗುವ ಹೊತ್ತಿನಲ್ಲಿ ಮಲಗದೆ, ಪಾಲಯ್ಯನ ಪೀಠದ ಪಕ್ಕದಲ್ಲಿ ಬಂದು ಕೂತೆ. ಪೀಠದಲ್ಲಿರುವವರು ಪೊರೆ ಹಾಕುವಂತಿಲ್ಲ, ಎದ್ದು ಹೋಗುವಂತಿಲ್ಲ. ನನ್ನ ತನ್ನೋಟದಲ್ಲಿ ಏನು ನಡೆಯುತ್ತಿದೆ ಗೊತ್ತೆ ಎಂದು ಯಶೋದೆಯ ಕಥೆ ಶುರುಮಾಡಿದೆ. ಮೊದಲು ಅವನಿಗೆ ಮುಜುಗರವಾಯಿತು. ಒಬ್ಬರ ತನ್ನೋಟವನ್ನು ಇನ್ನೊಬ್ಬರಿಗೆ ಹೇಳುವುದು ನಮ್ಮಲ್ಲಿ ಮೈಮೇಲಿನ ಬಟ್ಟೆ ತೆಗೆದ ಹಾಗೆ. ಆಮೇಲೆ ಮುಕುಂದ ಹೊಳೆಗೆ ಬಿದ್ದಾಗ ಅವನ ಕೈ ಸೂಜಿಯ ಹಿಡಿಯ ಮೇಲೆ ಬಿಗಿಯಾದದ್ದನ್ನು ಕಂಡೆ. ಸುದರ್ಶನನ ಭಾಗಕ್ಕೆ ಬಂದಾಗ ನಾನು ಬೇಕೆಂದೇ ನಿಧಾನ ಮಾಡಿದೆ. ಅವನ ಬಿಳಿ ಅಂಗಿ, ಮೆಟ್ಟಿಲು ಇಳಿಯುವ ಗತ್ತು, ಯಶೋದೆಯ ಮಾತಿಗೆ ತಲೆ ವಾಲಿಸಿ ಕೇಳುವ ರೀತಿ, ಒಂದನ್ನೂ ಬಿಡದೆ ಬಾಯಿ ಚಪ್ಪರಿಸುತ್ತಾ ಬಣ್ಣಿಸಿದೆ.

ಪಾಲಯ್ಯ ಎದುರಿಗಿದ್ದ ಬಿರುಕನ್ನು ಹೊಲಿದು ಮುಗಿಸಿದ. ಆಮೇಲೆ ಕೇಳಿದ.

“ಆ ಸುದರ್ಶನ ಅಂಬೋನು, ನಿನ್ ಕಣ್ಣಿಗೆ ಹೆಂಗವ್ನೆ?”

“ಚೆನ್ನಾಗವ್ನೆ,” ಎಂದೆ. “ಕೇಳಿದ್ದಕ್ಕೆ ಉತ್ರ ಕೊಡ್ತಾನೆ.”

ಅವನು ರಸ್ತೆ ಬಿಟ್ಟು ನನ್ನ ಮುಖ ನೋಡಿದ. ಎಷ್ಟು ಕಾಲದ ಮೇಲೋ ನೋಡಿದ. ಬಿರುಕು ಕಾಯುವವನು ಎಂದೂ ಮಾಡಬಾರದ ತಪ್ಪು ಅದು, ಪೀಠದ ಮೇಲೆ ಕೆತ್ತಿಯೇ ಇದೆ. ಅಷ್ಟರಲ್ಲಿ ಬಂಡಿಯ ಮುಂಚಕ್ರ ಹೊಲಿಯದ ಸೀಳಿನೊಳಗೆ ಕುಸಿದು ಕೂತಿತು. ಎತ್ತುವ ಬಂಡಿ ಬರುವವರೆಗೆ ಕರೆಂಟಿಲ್ಲ, ಪೊರೆಗಳೆರಡೂ ಸತ್ತಿದ್ದವು. ಓರೆಯಾಗಿ ನಿಂತ ಗಾಡಿಯಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಜಾರುತ್ತಾ ಕೂತಿದ್ದೆವು. ಅವನು ಸುದರ್ಶನನಿಗೆ ಬೈಯುತ್ತಿದ್ದ. ನನಗೆ ಮೆಂತ್ಯದ ತಟ್ಟೆಗಳು ಉರುಳಿ ಹೋದದ್ದಕ್ಕೂ ಬೇಸರವಾಗಲಿಲ್ಲ. ಅವನ ಹೊಟ್ಟೆಯೂ ಉರಿಯಿತಲ್ಲ ಎಂದು ನನಗೆ ಪರಮ ಸಂತೋಷ.

ಹಿರಿಯೂರು ಮುಟ್ಟುವ ಹೊತ್ತಿಗೆ ನಾನು ಕಥೆಯ ಆ ಜಾಗಕ್ಕೆ ಬಂದಿದ್ದೆ. ಯಶೋದೆ ಬಟ್ಟೆ ಕತ್ತರಿಸುತ್ತಿದ್ದಾಳೆ, ಯಾರೋ ಬಾಗಿಲು ಬಡಿಯುತ್ತಾರೆ. ಅವಳು ಕತ್ತರಿ ಇಟ್ಟು ಬಾಗಿಲು ತೆಗೆಯುತ್ತಾಳೆ, ಅವಳ ಮುಖ ಬಿಳಿಚಿಕೊಳ್ಳುತ್ತದೆ. ಉಳಿದದ್ದು ನಾಳೆ ಎಂದೆ. ಕೂಡುದಾರಿಯ ಯಜಮಾನಿ ಒಂಟಿಬಂಡಿ ಬೇಕೆ ಎಂದು ಕೇಳಿದಾಗ ಪಾಲಯ್ಯ ನನ್ನ ಕಡೆ ನೋಡದೆಯೇ ಹೇಳಿದ.

“ಬಾಗ್ಲಾಗೆ ನಿಂತೋರು ಯಾರು ಅಂತ ಗೊತ್ತಾಗ್ಲಿ. ಆಮ್ಯಾಲೆ ಬರ್ಕಳಿ.”

ಯಜಮಾನಿ ಅವನಿಗೆ ಬಿಸಿಲು ಹೊಡೆದಿದೆ ಎಂದುಕೊಂಡು ನೀರು ಕೊಟ್ಟಳು. ಮುಂದಿನ ಕೂಡುದಾರಿ ಶಿರಾದಲ್ಲಿ ಹೇಳಿದರಾಯಿತು ಎಂದಳು.

ಈಗ ನನ್ನ ಸಂಕಟ ಕೇಳು. ಆ ಬಾಗಿಲಲ್ಲಿ ಯಾರೆಂದು ನನಗೆ ಗೊತ್ತಿಲ್ಲ. ನಮ್ಮ ಮನೆತನದಲ್ಲಿ ಯಾರಿಗೂ ಗೊತ್ತಿಲ್ಲ. ಆ ಕಂತಿನ ಮಾರನೆಯ ದಿನ ನೀನು ಚೌಡಪ್ಪನಿಗೆ ಒಂದು ದೊಡ್ಡ ಮೊಬೈಲೂ ಕಿವಿಗೆ ಹಾಕುವ ಗುಂಡಿಗಳೂ ತೆಗೆದುಕೊಟ್ಟೆ. ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಹೋಗಿದೆ, ಒಂದು ದಿನವಾದರೂ ನೆಮ್ಮದಿಯಾಗಿ ನೋಡಬೇಕು ಎಂದೆಯಂತೆ. ಅವನು ತನಗೆ ಬೇಕಾದದ್ದನ್ನು ಕೇಳುತ್ತಾ ಓಡಿಸಿದ, ನೀನು ನಿನ್ನ ಪಾಡಿಗೆ ನೋಡಿದೆ. ಹಲಗೆಯ ಮೇಲೆ ಕಿವಿ ನಿಮಿರಿಸಿಕೊಂಡು ಮಲಗಿದ್ದ ಕೆಂಚಮ್ಮನಿಗೆ ಏನೂ ಕೇಳಿಸಲಿಲ್ಲ. ಅವಳಿಗೆ ಕೇಳಿಸದ್ದು ನಮಗೂ ಬರಲಿಲ್ಲ.

ನೀನೇ ಕಟ್ಟಿ ಹೇಳಬಾರದೆ ಎನ್ನುತ್ತೀಯ. ಹೇಳಿದೆ. ಬಾಗಿಲಲ್ಲಿ ಮುಕುಂದನನ್ನು ನಿಲ್ಲಿಸಿದೆ, ಎಲ್ಲರೂ ನಕ್ಕರು, ಪಾಯಸ ಮಾಡಿದರು. ಪಾಲಯ್ಯ ಪೂರ್ತಿ ಕೇಳಿ, “ಇದು ನೀನ್ ಕಟ್ಟಿದ್ದು. ಸತ್ತ ತಮ್ಮ ಬಾಗ್ಲಾಗೆ ನಿಂತ್ರೆ ಯಾವಳಾರ ನಕ್ಕಂಡು ಪಾಯ್ಸ ಮಾಡ್ತಾಳಾ?” ಎಂದ. ತನ್ನೋಟ ನೋಡಿ ಬೆಳೆದವಳು ನಾನು, ಅಜ್ಜಿ. ನಾನು ಯಾವ ಬಾಗಿಲು ತೆಗೆದರೂ ನನಗೆ ಹಿತವಾದವರೇ ನಿಂತಿರುತ್ತಾರೆ. ಬೇಡದವರನ್ನು ಬಾಗಿಲಲ್ಲಿ ನಿಲ್ಲಿಸುವುದು ನನಗೆ ಬರುವುದಿಲ್ಲ. ಸಿಗ್ನಲ್ ಹೋದ ಕಡೆ ನೀನು ತುಂಬುತ್ತಿದ್ದೆಯಲ್ಲ, ಆ ವಿದ್ಯೆಯ ಮೇಲೂ ನನಗೆ ಕಿಚ್ಚು. ಆಗ ಪಾಲಯ್ಯನಿಗೆ ಇದ್ದದ್ದನ್ನು ಹೇಳಿದೆ: ಕಥೆ ನನ್ನದಲ್ಲ, ಸುದರ್ಶನ ನನ್ನವನಲ್ಲ, ಎಲ್ಲ ಬೊಮ್ಮಕ್ಕನದು. ಸುದರ್ಶನ ನನ್ನವನಲ್ಲ ಎಂದಾಗ ಅವನ ಮುಖ ಸಡಿಲವಾಯಿತು. ಆದರೆ ಅವನ ಪ್ರಶ್ನೆ ಹೋಗಲಿಲ್ಲ. ಮೊನ್ನೆ ಪೊರೆ ಹಾಕಿಕೊಂಡವನು ಅರ್ಧಕ್ಕೇ ತೆಗೆದು ಎದ್ದು ಬಂದು, ಮನೆಯ ಯಜಮಾನ ಇರಬಹುದೆ, ಪೊಲೀಸರಿರಬಹುದೆ ಎಂದು ಕೇಳಿದ. ಇಷ್ಟು ದಿನ ವತ್ಸಲೆಯ ಹತ್ತಿರವಿದ್ದ ಅವನ ಮನಸ್ಸು ಈಗ ಆ ಬಾಗಿಲಿನ ಹತ್ತಿರ ಬಂದಿದೆ. ಉತ್ತರ ಸಿಗದಿದ್ದರೆ ಎಷ್ಟು ದಿನ ಅಲ್ಲೇ ನಿಂತಾನು? ಬೇಸತ್ತು ತಿರುಗಿ ಹೋಗುತ್ತಾನೆ.

ಆದ್ದರಿಂದ ನಿನ್ನಲ್ಲಿ ಒಂದೇ ಬೇಡಿಕೆ. ಲೋಕ ಉದ್ಧಾರವಾಗಲೆಂದು ಕೇಳುತ್ತಿಲ್ಲ, ನನಗಾಗಿ ಕೇಳುತ್ತಿದ್ದೇನೆ. ಈ ಓಲೆ ಬಾಗಿಲು ಬಡಿದ ಕಂತಿನ ದಿನವೇ ನಿನಗೆ ತಲುಪಲೆಂದು ಒರೆಸುತ್ತಿದ್ದೇನೆ; ಆ ಮೊಬೈಲನ್ನು ಬೇಕಾದರೆ ಕೊಳ್ಳು, ಒಂದು ದಿನ ಮಾತ್ರ ತಡಮಾಡು. ನಾಳೆಯ ಕಂತು ನೋಡಿ, ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತವರು ಯಾರೆಂದು ನಿನ್ನ ಗಂಡನಿಗೆ ಹೇಳು. ಸಿಗ್ನಲ್ ಹೋದರೆ ನೀನೇ ಯಾರನ್ನಾದರೂ ನಿಲ್ಲಿಸು, ನಿನ್ನ ಮಾತನ್ನು ನಾವು ನಂಬುತ್ತೇವೆ. ಇಂಜಿನ್ನಿಗಿಂತ ಜೋರಾಗಿ ಹೇಳು, ಹಿಂದೆ ಮಗಳು ಮಲಗಿದ್ದಾಳೆ.

ಬೇಗ ಹೇಳು ಬೊಮ್ಮಕ್ಕ. ಶಿರಾ ಕಾಣಿಸುತ್ತಿದೆ.